ಬೇರೆಯವರಿಗೆ ಸಿಕ್ಕ ಕ್ಷಮೆ

೨೦೦೮ರ ಫೆಬ್ರವರಿ. ಚುನಾವಣೆಯ ಗಲಭೆಯಿಂದ ನೈರೋಬಿ ಇನ್ನೂ ಸುಧಾರಿಸಿಕೊಳ್ಳುತ್ತಿತ್ತು. ಪಂಗಾನಿಯಲ್ಲಿ ಮಟಾಟು ವ್ಯಾನಿಗಾಗಿ ಬಹಳ ಹೊತ್ತು ಕಾದು, ಲೊರೆಶೋದಲ್ಲಿದ್ದ ನನ್ನ ಮೇಲಧಿಕಾರಿಯ ಮನೆ ತಲುಪಿದೆ. ಬೆಂಗಳೂರಿನವರು, ಶನಿವಾರದ ಊಟಕ್ಕೆ ಕರೆದಿದ್ದರು. ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಟೀವಿಯಲ್ಲಿ ಆಸ್ಟ್ರೇಲಿಯಾದ ಸುದ್ದಿ ಬಂತು. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಹಿಂದೆ ಸರ್ಕಾರವೇ ತಾಯಂದಿರಿಂದ ಕಿತ್ತುಕೊಂಡಿತ್ತಂತೆ. ಈಗ ಪ್ರಧಾನಿಯೇ ಸಂಸತ್ತಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದ್ದರು. ಮುದುಕಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು.

“ಪಾಪ, ಅಲ್ವಾ?” ಎಂದು ಮನೆಯಾಕೆ ಕಣ್ಣೊರೆಸಿಕೊಂಡರು.

ನನಗೆ ಪಾಪ ಅನ್ನಿಸಲಿಲ್ಲ, ಹೊಟ್ಟೆ ಉರಿಯಿತು. ನಾನು ಜೇನುಕುರುಬ. ಹುಲಿಗಳಿಗೆ ಜಾಗ ಬೇಕೆಂದು ನಮ್ಮ ಹಾಡಿಯನ್ನು ಕಾಡಿನಿಂದ ಎಬ್ಬಿಸಿ ರಸ್ತೆ ಬದಿಗೆ ತಂದು ಹಾಕಿದಾಗ ನಾನಿನ್ನೂ ಅಪ್ಪನ ಹೆಗಲ ಮೇಲಿದ್ದೆ. ಅದೇ ಕಾಡಿನಲ್ಲಿ ಜೀಪಿನಲ್ಲಿ ಕೂತು ಹುಲಿ ನೋಡಿದ ಕಥೆಯನ್ನು ಈ ದಂಪತಿ ನನಗೆ ಎಷ್ಟೋ ಸಲ ಹೇಳಿದ್ದರು. ನಾನು ಮೈಸೂರು ಕಡೆಯವನೆಂದಷ್ಟೇ ಅವರಿಗೆ ಗೊತ್ತು.

ಆ ಮುದುಕಿಯರ ಕಣ್ಣೀರಿನ ಮೇಲೂ ನನಗೆ ಅಸೂಯೆ. ಅವರ ಅಳುವಿಗೂ ಒಂದು ಸಭೆ, ಎದುರಿಗೆ ನಿಂತು ತಪ್ಪೊಪ್ಪಿಕೊಳ್ಳಲು ಒಬ್ಬ ಪ್ರಧಾನಿ! ಅವರಿಗಾದದ್ದು ನಮಗಿಂತ ಘೋರವೆಂದು ಬುದ್ಧಿ ಹೇಳುತ್ತಲೇ ಇತ್ತು. ಹೊಟ್ಟೆಕಿಚ್ಚು ಬುದ್ಧಿಯ ಮಾತನ್ನು ಎಂದಾದರೂ ಕೇಳೀತೇ? ಬಾತ್ ತಟ್ಟೆಯಲ್ಲೇ ಆರಿತು.

ಅಂಗಳಕ್ಕೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಈ ಉರಿ ಯಾರಿಗಾದರೂ ಅರ್ಥವಾಗುವುದಿದ್ದರೆ ಅವನೊಬ್ಬನಿಗೇ.

“ಅಪ್ಪ, ಸರ್ಕಾರ ತಪ್ಪಾಯ್ತು ಅಂತಂತೆ, ಕಾಡ್ ಜನಕ್ಕೆ. ಟೀವೀಲಿ ಬತ್ತಾ ಅದೆ.”

ಯಾವ ಸರ್ಕಾರವೆಂದು ಹೇಳಲು ಅವನು ಬಿಡಲೇ ಇಲ್ಲ.

“ತಪ್ಪಾಯ್ತು ಅಂದ್ರಾ? ನಿಜ್ವಾ ಮಗ?” ಫೋನನ್ನು ಕಿವಿಯಿಂದ ತೆಗೆದು ಕೂಗಿದ: “ಬನ್ರೋ ಎಲ್ಲಾ! ಸರ್ಕಾರ ತಪ್ಪಾಯ್ತು ಅಂದದಂತೆ ಕಣ್ರೋ!”

ಹಾಡಿಯವರು ಓಡಿಬಂದು ಸುತ್ತ ನೆರೆಯುವ ಗದ್ದಲ ನೈರೋಬಿಗೆ ಕೇಳಿಸಿತು. “ವಾಪಸ್ ಹೋಗ್ಬೌದಾ ಕೇಳು,” ಎಂದು ಯಾರೋ ಹೆಂಗಸು ಅವಸರ ಮಾಡುತ್ತಿದ್ದಳು. ಅಪ್ಪ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ.

“ನಮ್ಗಲ್ಲ ಅಪ್ಪ,” ಅಂದೆ. “ಆಸ್ಟ್ರೇಲಿಯಾದೋರ್ಗೆ.”

“ಯಾರ್ಗೆ?”

“ಬೇರೆ ದೇಶದೋರ್ಗೆ.”

ಅಪ್ಪ ನನ್ನನ್ನು ಬೈಯಲಿಲ್ಲ. ಫೋನ್ ಕೈಯಲ್ಲಿ ಹಿಡಿದುಕೊಂಡೇ ಅವರಿಗೆ ಹೇಳಿದ್ದು ಕೇಳಿಸಿತು: “ಮನೆಗ್ ಹೋಗ್ರಪ್ಪ. ನಮ್ಗಲ್ವಂತೆ.”