ಅಣ್ಣನ ಮಡಿಲು, ದೊರೈಯ ಕಿವಿ

ಮಕ್ಕಳು ಬೇಡ ಎಂದು ನಾನೂ ನಮ್ಮವರೂ ತೀರ್ಮಾನಿಸಿದ್ದು ಮದುವೆಯಾದ ವರ್ಷವೇ, ಒಂದು ಮಧ್ಯಾಹ್ನ, ಊಟವಾದ ಮೇಲೆ. ಹಗಲೆಲ್ಲ ಶಾಲೆಯಲ್ಲಿ ಐವತ್ತಾರು ಮಕ್ಕಳಿಗೆ ತಮಿಳು ಕಲಿಸಿ ಮನೆಗೆ ಬರುವ ನನಗೆ ಐವತ್ತೇಳನೆಯದು ಬೇಕೆನಿಸಲಿಲ್ಲ. ಕಂಬಂ ಪೇಟೆಯ ದ್ರಾಕ್ಷಿ ಮಂಡಿಯಲ್ಲಿ ತೂಕ ಹಾಕುವ ನಮ್ಮವರು “ಸರಿ” ಎಂದು ಎಲೆಯಡಿಕೆ ಹಾಕಿಕೊಂಡರು. ಹೀಗೆ ನಾವು ಐದು ನಿಮಿಷದಲ್ಲಿ ಮುಗಿಸಿದ ವಿಷಯವನ್ನು, ತಮಿಳುನಾಡಿನಲ್ಲಿದ್ದೂ ಮನೆಯೊಳಗೆ ಕನ್ನಡ ಆಡುವ ನಮ್ಮೂರು ಕಾಮಯಗೌಂಡನ್‌ಪಟ್ಟಿ ಮುಂದಿನ ಹನ್ನೊಂದು ವರ್ಷ ಮುಗಿಸಲೇ ಇಲ್ಲ.

“ಆಗಲಿಲ್ಲ” ಎಂದಿದ್ದರೆ ಊರು ಕಣ್ಣೊರೆಸಿ, ಒಂದು ಹರಕೆ ಹೇಳಿಕೊಟ್ಟು ಸುಮ್ಮನಾಗುತ್ತಿತ್ತು. “ಬೇಡ” ಎನ್ನುವುದು ಯಾರಿಗೂ ಅರ್ಥವಾಗಲಿಲ್ಲ. ಪಕ್ಕದ ಮನೆಯ ಚಿನ್ನಮ್ಮಜ್ಜಿ ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ವಿಚಾರಿಸಿದರು.

“ಬ್ಯಾಡ ಅಂದ್ರೆ ಏನಮ್ಮ? ಮಗೂ ಅಂದ್ರೆ ಎಲ್ಡನೇ ದಪ ಬಡಿಸೋ ಸಾಂಬಾರಾ, ಕೈ ಅಡ್ಡ ಹಿಡಿಯಕ್ಕೆ?”

ಅಂದಿನಿಂದ ಸಾಂಬಾರನ್ನೂ ಎರಡನೇ ಸಲ ಬೇಡವೆನ್ನಲು ನನಗೆ ಧೈರ್ಯ ಬಂದಿಲ್ಲ.

ಮಕ್ಕಳು ಬೇಡವೆಂದವರು ಸನ್ಯಾಸಿಗಳಾಗಿಯೇನೂ ಇರಲಿಲ್ಲ. ಮೊದಲು ಕೋಂಬೈ ಜಾತಿಯ ಒಂದು ಕಾವಲು ನಾಯಿ ಬಂತು. ಕಳ್ಳರಿಗೆ ಸಿಂಹಸ್ವಪ್ನ ಎಂದು ಹೇಳಿ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಅದು ಮೊಸರನ್ನ ತಿಂದು ಮಲಗಿತು. ಆಮೇಲೆ ದೊರೈ ಬಂದ. ಚಿನ್ನಮ್ಮಜ್ಜಿಯ ಮೇಕೆ ಒಂದೇ ಸೂಲಿಗೆ ಮೂರು ಮರಿ ಹಾಕಿದಾಗ ಮೂರನೆಯದಕ್ಕೆ ಮೊಲೆ ಸಿಗದೆ ಒಣಗುತ್ತಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಕಂಬಂನ ಔಷಧಿ ಅಂಗಡಿಗೆ ಹೋಗಿ ಹಾಲು ಕುಡಿಸುವ ಬಾಟಲಿ ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಿ ಅರಳಿದ. ಸಂಜೆ ಬಸ್ಸು ನಮ್ಮೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ದ್ರಾಕ್ಷಿ ಲಾರಿಯವರು ಮರುದಿನ ಅದನ್ನು ದಿಂಡಿಗಲ್ಲಿಗೂ, ಪೂಟಿನ ಅಂಗಡಿ ಇಟ್ಟುಕೊಂಡಿದ್ದ ನನ್ನ ಅಣ್ಣನಿಗೂ ತಲುಪಿಸಿದರು. ಪೂಟು ಎಂದರೆ ಬೀಗ. ದಿಂಡಿಗಲ್ಲಿನಲ್ಲಿ ಅದನ್ನು ಮಾಡದವರು ಕಡಿಮೆ.

ಅಣ್ಣ ಅಂಗಡಿಗೆ ತನ್ನದೇ ಪೂಟು ಜಡಿದು, ಮೈಸೂರುಪಾಕಿನ ಪೊಟ್ಟಣ ಹಿಡಿದು ಓಡಿಬಂದ. ಬಾಟಲಿ ಚೀಪುತ್ತಿದ್ದವನನ್ನು ನೋಡಿದ. ಪೊಟ್ಟಣವನ್ನು ನನ್ನ ಕೈಗಿಟ್ಟು, “ಪರವಾಯಿಲ್ಲೆ, ಚೆನ್ನಾಗೇ ಕುಡೀತಾನೆ” ಎಂದು, ಊಟಕ್ಕೂ ನಿಲ್ಲದೆ ಮುಂದಿನ ಬಸ್ಸಿಗೆ ಹೊರಟುಹೋದ. ಬಸ್ಸಿನ ಕಿಟಕಿಯಲ್ಲಿ ಅವನ ಬಾಡಿದ ಮುಖ ನೋಡುತ್ತ ನಾನು ಪೊಟ್ಟಣ ಬಿಚ್ಚದೆ ನಿಂತೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚುವ ಕಾದುಕುತ್ತು ಮದುವೆಗಿಂತ ಒಂದು ಗುಲಗಂಜಿಯಷ್ಟು ಮಾತ್ರ ಕಡಿಮೆಯ ಸಮಾರಂಭ. ಅದರ ನಾಯಕ ಮಗುವಲ್ಲ, ಅಪ್ಪನಂತೂ ಅಲ್ಲವೇ ಅಲ್ಲ. ತಾಯ್‌ಮಾಮ, ಅಂದರೆ ಸೋದರಮಾವ. ಅವನು ಹಣ್ಣು, ಬೆಲ್ಲ, ಬಟ್ಟೆಯ ತಟ್ಟೆಗಳ ಸೀರು ಹೊರಿಸಿಕೊಂಡು ಬರಬೇಕು, ಅವನ ಮಡಿಲಲ್ಲೇ ಮಗು ಕೂರಬೇಕು, ಆಮೇಲೆ ಸೂಜಿ. ಅಣ್ಣನಿಗೆ ಇಬ್ಬರು ಗಂಡುಮಕ್ಕಳು. ಅವರು ಕೂತದ್ದು ಅತ್ತಿಗೆಯ ಅಣ್ಣತಮ್ಮಂದಿರ ಮಡಿಲಲ್ಲಿ. ಪಳನಿಯಲ್ಲಿ ನಡೆದ ಆ ಎರಡೂ ಕಾದುಕುತ್ತಿನಲ್ಲಿ ಅಣ್ಣ ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಅವನು ತಾಯ್‌ಮಾಮನಾಗಲು ಜಗತ್ತಿನಲ್ಲಿದ್ದದ್ದು ಒಂದೇ ದಾರಿ, ಅವನ ಒಬ್ಬಳೇ ತಂಗಿಯಾದ ನಾನು. ನನ್ನ ಮದುವೆಯ ವರ್ಷವೇ ಅವನು ಆ ದಿನಕ್ಕೆಂದು ಪಟ್ಟೆಯಂಚಿನ ಒಂದು ವೇಷ್ಟಿ, ಅಂದರೆ ಪಂಚೆ, ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದನೆಂದು ಅತ್ತಿಗೆ ಹೇಳಿದ್ದರು. ಪೆಟ್ಟಿಗೆಗೆ ಎರಡು ಪೂಟು.

ಪುರಾಣಗಳಲ್ಲಿ ಮಕ್ಕಳಿಲ್ಲದ ರಾಜರು ಎಷ್ಟೊಂದು ಜನ! ಎಲ್ಲರೂ ಯಾಗ ಮಾಡಿದರು, ಪಾಯಸ ಕುಡಿಸಿದರು. ಒಬ್ಬನಾದರೂ “ಹೋಗಲಿ, ಒಂದು ಮೇಕೆ ಸಾಕೋಣ” ಎಂದ ದಾಖಲೆಯಿಲ್ಲ. ಯಾಗಶಾಲೆಗೆ ಮೇಕೆ ಬಂದದ್ದುಂಟು, ಆದರೆ ಅದು ಬೇರೆ ಕೆಲಸಕ್ಕೆ. ನಮ್ಮೂರಿನ ಜನರೂ ದೊರೈಯನ್ನು ಆ ದೃಷ್ಟಿಯಿಂದಲೇ ನೋಡುತ್ತಿದ್ದರು. “ಯಾವಾಗ?” ಎಂದು ಕೇಳುತ್ತಿದ್ದರು. ಮೊದಲು ನನ್ನನ್ನು ಕೇಳುತ್ತಿದ್ದ ಪ್ರಶ್ನೆಯೂ ಅದೇ ಆಗಿದ್ದರಿಂದ ನನಗೆ ಅಭ್ಯಾಸವಾಗಿತ್ತು.

ದೊರೈ ವರ್ಷ ತುಂಬುವ ಮೊದಲೇ ಮೂರು ತೋಟಗಳ ದ್ರಾಕ್ಷಿ ಚಿಗುರು ಮೇದ. ಯಾರ ಮೇಕೆ ಎಂದು ಗುರುತಿಲ್ಲದೆ ಜಗಳಗಳಾದವು. ಕೊನೆಗೆ ತೋಟದವರೆಲ್ಲ ಸೇರಿ, ಊರಿನ ಪ್ರತಿ ಮೇಕೆಯ ಕಿವಿಗೂ ನಂಬರಿನ ಬಿಲ್ಲೆ ಹೊಡೆಸಬೇಕೆಂದು ತೀರ್ಮಾನಿಸಿದರು. ಭಾನುವಾರ ದನದ ಆಸ್ಪತ್ರೆಯ ಕಾಂಪೌಂಡರ್ ಬರುವುದೆಂದಾಯಿತು. ಆ ವಾರ ಅಣ್ಣನಿಗೆ ಬರೆದ ಕಾರ್ಡಿನ ಕೊನೆಯಲ್ಲಿ ನಾನು ತಮಾಷೆಗೆ, “ಭಾನುವಾರ ದೊರೈಗೆ ಕಾದುಕುತ್ತು” ಎಂದು ಸೇರಿಸಿದೆ. ಅಂಚೆಪೆಟ್ಟಿಗೆಗೆ ಹಾಕಿದ ಮೇಲೆ ಕೈ ಕಚ್ಚಿಕೊಂಡೆ. ಯಾರ ಮುಂದೆ ಏನು ತಮಾಷೆ ಮಾಡಬಾರದೋ ಅದನ್ನೇ ಮಾಡಿದ್ದೆ.

ಭಾನುವಾರ ಬೆಳಿಗ್ಗೆ ಕಾಂಪೌಂಡರ್ ಇಕ್ಕಳ ತೆಗೆದು ಒರೆಸುತ್ತಿರುವಾಗ ಬೀದಿಯ ತುದಿಯಲ್ಲಿ ಅಣ್ಣ ಕಾಣಿಸಿದ. ಹಿಂದೆ ಅತ್ತಿಗೆ. ಇಬ್ಬರ ಕೈಯಲ್ಲೂ ತಟ್ಟೆ: ಬಾಳೆಹಣ್ಣು, ಬೆಲ್ಲ, ತೆಂಗಿನಕಾಯಿ, ಒಂದು ಹೊಸ ಟವೆಲು. ಅಣ್ಣ ಪಟ್ಟೆಯಂಚಿನ ವೇಷ್ಟಿ ಉಟ್ಟಿದ್ದ. ಹನ್ನೊಂದು ವರ್ಷದ ಮಡಿಕೆಗಳು ಹಳದಿ ಗೆರೆಗಳಾಗಿ ಅದರ ಮೇಲೆ ನಿಂತಿದ್ದವು. ಅವನ ಮುಖದಲ್ಲಿ ನಗುವಿರಲಿಲ್ಲ.

“ಅಣ್ಣಾ, ನಾನು ಸುಮ್ಕೆ ಯೋಳ್ದೆ ಕಣಣ್ಣ…”

“ಕಾದುಕುತ್ತು ಅಂತ ಬರ್ದಿದೀಯ. ತಾಯ್‌ಮಾಮ ಬರ್ದೆ ಹೆಂಗಮ್ಮ ನಡೀತದೆ?”

ಕಾಂಪೌಂಡರ್ ತಮಿಳಿನವನು. ಕಾದುಕುತ್ತು ಅವನಿಗೂ ಗೊತ್ತು, ಮೇಕೆಗೆ ತಟ್ಟೆಗಳೇಕೆಂದು ಅರ್ಥವಾಗಲಿಲ್ಲ. “ಯಾರಾವದು ಪುಡಿಂಗ” ಎಂದ, ಯಾರಾದರೂ ಹಿಡಿದುಕೊಳ್ಳಿ ಎಂದು. ಅಣ್ಣ ಜಗುಲಿಯ ಮೇಲೆ ಪೂರ್ವಕ್ಕೆ ಮುಖಮಾಡಿ ಚಕ್ಕಳಮಕ್ಕಳ ಹಾಕಿ ಕೂತ. ನಾಯಿಗೂ ನಮ್ಮವರಿಗೂ ಸಿಗದ ದೊರೈ, ಬಾಳೆಹಣ್ಣಿನ ವಾಸನೆಗೋ ಏನೋ, ನೇರ ಹೋಗಿ ಆ ಮಡಿಲಿಗೆ ಹತ್ತಿದ. ಇಕ್ಕಳ ಕಟಕ್ ಎಂದಿತು. ದೊರೈ ಕೂಗಿದ. ಅಣ್ಣ ಅವನ ಬಾಯಿಗೆ ಬೆಲ್ಲವಿಟ್ಟು, “ಆಯ್ತು ಕಣ್ಣು, ಆಯ್ತು, ಆಯ್ತು” ಎಂದು ಬೆನ್ನು ತಟ್ಟುತ್ತಲೇ ಇದ್ದ. ಆಗ ದೊರೈ ಆ ವೇಷ್ಟಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದ.

ನಾನು ನೀರು ತರಲು ಎದ್ದೆ. ಅಣ್ಣ ಕೈ ತೋರಿಸಿ ತಡೆದ.

“ಇರ್ಲಿ ಬುಡು. ನನ್ನ ಮಕ್ಳೂ ಅವರ ಮಾಮನ ಮ್ಯಾಲೆ ಇದೇ ಮಾಡಿದ್ವು. ಈಗ ಸರಿಯಾಯ್ತು.”

ಅವನ ಕಣ್ಣು ತುಂಬಿತ್ತು. ನನಗೂ ಅಳು ಬಂತು. ಕಾಂಪೌಂಡರ್ ಮಾತ್ರ ಮುಂದಿನ ಮೇಕೆ ಎಲ್ಲಿ ಎಂದು ಕೇಳಿದ.

ಮುಂದಿನ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಪಳನಿಯಲ್ಲಿ ನೆಂಟರ ಮಗುವಿನ ಕಾದುಕುತ್ತು. ಮಂಟಪದಲ್ಲಿ ಒಬ್ಬ ಅಜ್ಜಿ ಅಣ್ಣನನ್ನು, “ನಿನ್ನ ತಂಗೀಗೆ ಎಷ್ಟು?” ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತ, “ಒಬ್ಬ. ಕಾದುಕುತ್ತು ಆಯ್ತು. ಸೊಪ್ಪು ಅಂದ್ರೆ ಪ್ರಾಣ” ಎಂದ. ಸೊಪ್ಪು ತಿನ್ನುವ ಮಗುವನ್ನು ಹೆತ್ತ ಪುಣ್ಯವಂತೆಯನ್ನು ಅಜ್ಜಿ ಹುಡುಕಿಕೊಂಡು ಬಂದು ನನಗೆ ದೃಷ್ಟಿ ತೆಗೆದರು. ನಾನು ತಲೆ ಬಗ್ಗಿಸಿ ತೆಗೆಸಿಕೊಂಡೆ.

ಮಕ್ಕಳು ಬೇಡ ಎಂದದ್ದಕ್ಕೆ ನನಗೆ ಇವತ್ತಿಗೂ ವ್ಯಥೆಯಿಲ್ಲ. ಆದರೆ ಆ ಮಧ್ಯಾಹ್ನ ತೀರ್ಮಾನ ಮಾಡುವಾಗ ದಿಂಡಿಗಲ್ಲಿನಲ್ಲಿ ಒಂದು ಮಡಿಲು ಕಾಯುತ್ತಿದೆಯೆಂದು ನಮಗೆ ಹೊಳೆಯಲಿಲ್ಲ, ನಾವು ಅದನ್ನು ಕೇಳಲೂ ಇಲ್ಲ. ದೊರೈಯೂ ಕೇಳಲಿಲ್ಲ, ಹತ್ತಿ ಕೂತ.