ಒಂದೇ ತವರಿನ ಮೂರು ಡಿಸ್ಕ್‌ಗಳು

ನನ್ನ ಅಕ್ಕ ಜಹೀರಾಬಾದಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಅವಳ ಪಕ್ಕದ ಮನೆಯಲ್ಲಿದ್ದು ಬ್ಲೌಸ್ ಹೊಲಿಯುತ್ತೇನೆ. ರಜೆ ಬಂದರೆ ಅಕ್ಕ ನಾಗಲಗಿದ್ದದ ಕಡೆಯ ಹಳ್ಳಿಗಳಿಗೆ ಹೋಗಿ, ಮದುವೆ ಮನೆಗಳಲ್ಲಿ ಅರಿಸಿನ ಕುಟ್ಟುವಾಗ ಮುದುಕಿಯರು ಹಾಡುವ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಬರುತ್ತಾಳೆ. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ನಮ್ಮ ಸೋದರತ್ತೆಯೂ ಇಲ್ಲ. ಆಕೆಯ ದನಿ ಉಳಿದಿರುವುದು ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ.

ಅದಕ್ಕಾಗಿಯೇ ಅಕ್ಕ ಮನೆಯಲ್ಲಿ 'ರೇಡ್' ಎಂಬ ಡಿಸ್ಕ್ ಜೋಡಣೆ ಮಾಡುತ್ತೇನೆ ಎಂದು ಹೊರಟಳು. ಒಂದು ಪೆಟ್ಟಿಗೆಯಲ್ಲಿ ಮೂರು ಹಾರ್ಡ್ ಡಿಸ್ಕ್. ಒಂದು ಕೆಟ್ಟರೆ ಅದರಲ್ಲಿದ್ದುದನ್ನು ಉಳಿದೆರಡು ತುಂಬಿಕೊಡುತ್ತವೆ. ಎರಡು ಒಟ್ಟಿಗೆ ಕೆಟ್ಟರೆ ಎಲ್ಲವೂ ಹೋಯಿತು. ಡಿಸ್ಕ್ ತರುವ ಕೆಲಸ ನನಗೆ ಬಂತು.

"ಇಲ್ಲೊಂದು ತಗೊ, ನಾರಾಯಣಖೇಡದಾಗ ಒಂದು, ತಾಂಡೂರಾಗ ಒಂದು. ಕಂಪನಿ ಬ್ಯಾರೆ ಇದ್ರ ಛಲೋ, ಇಲ್ಲಂದ್ರ ಊರಾದ್ರೂ ಬ್ಯಾರೆ ಇರ್ಲಿ" ಎಂದಳು.

"ಯಾಕಕ್ಕಾ? ಮೂರೂ ಇಲ್ಲೇ ಸಿಗ್ತಾವಲ್ಲ."

"ಪೆದ್ದೆಮುಲ್ ಕಡಿ ನಮ್ಮ ದೊಡ್ಡಮ್ಮ ಒಂದೇ ಮನಿಯಿಂದ ಮೂವರು ಅಕ್ಕ-ತಂಗೇರ್ನ ಸೊಸಿ ಮಾಡ್ಕೊಂಡಿದ್ಲು, ನೆನಪದ ಇಲ್ಲ? ತವರಾಗ ಮದುವಿ ಬಂತು, ಮೂವರೂ ಒಂದೇ ಬಸ್ಸಿಗೆ ಹೋದ್ರು. ದೊಡ್ಡಮ್ಮ ಒಬ್ಬಾಕೇ ಕುಂತು ಎಲ್ಲಾರಿಗೂ ರೊಟ್ಟಿ ಬಡದ್ಲು. ಒಂದೇ ಸಲ ತಯಾರಾದ ಡಿಸ್ಕೂ ಹಂಗೇ. ಹೋದ್ರ ಒಟ್ಟಿಗೇ ಹೋಗ್ತಾವ."

ನನಗೆ ಅರ್ಥವಾಗಿತ್ತು. ಅದೇ ನನ್ನ ತಪ್ಪನ್ನು ದೊಡ್ಡದು ಮಾಡುತ್ತದೆ. ಬಸ್ಸಿನ ಖರ್ಚಿನ ನೆವವನ್ನೂ ಹೇಳುವಂತಿರಲಿಲ್ಲ. ನಮ್ಮಲ್ಲಿ ಹೆಂಗಸರಿಗೆ ಬಸ್ಸು ಬಿಟ್ಟಿ. ಆದರೆ ಬೇಸಿಗೆಯಿತ್ತು. ಜಹೀರಾಬಾದಿನ ಅಂಗಡಿಯವನು ಮೂರು ಡಿಸ್ಕ್ ತೆಗೆದು ಮುಂದಿಟ್ಟ.

"ತಗೋರಿ ಅಕ್ಕಾ, ಮೂರೂ ಒಂದೇ ಪಾರ್ಸಲ್‌ದಾಗ ಬಂದಾವ. ಸಗಾ, ಒಂದೇ ಹೊಟ್ಟಿ ಅಣ್ಣ-ತಮ್ಮ ಇದ್ದಂಗ ಅವ" ಎಂದ, ಅದೊಂದು ಗುಣವೆಂಬಂತೆ.

ಮೂರನ್ನೂ ಕೊಂಡೆ. ಎರಡನ್ನು ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ, ಬಟ್ಟೆಯ ತುಂಡುಗಳ ಕೆಳಗೆ ಬಚ್ಚಿಟ್ಟೆ. ನಾರಾಯಣಖೇಡಕ್ಕೆ ಹೋಗಬೇಕಿದ್ದ ದಿನವನ್ನೂ ತಾಂಡೂರಿಗೆ ಹೋಗಬೇಕಿದ್ದ ದಿನವನ್ನೂ ಇದೇ ಊರಿನ ಗೆಳತಿಯ ಮನೆಯಲ್ಲಿ ಕಳೆದೆ. ಉಂಡೆವು, ಹರಟಿದೆವು, ಕೂಲರ್ ಮುಂದೆ ಮಲಗಿದೆವು. ಎರಡನೆಯ ಸಂಜೆ ಮುಖ ಬಾಡಿಸಿಕೊಂಡು ಬಂದು, ಬಚ್ಚಿಟ್ಟಿದ್ದ ಡಿಸ್ಕ್‌ಗಳನ್ನು ಅಕ್ಕನ ಕೈಗಿಟ್ಟು, "ಎಲ್ಲಾ ಕಡಿ ಇದೇ ಕಂಪನೀದು ಅದಾವ ಅಕ್ಕಾ. ತಾಂಡೂರಿಂದ ನಿಂತೇ ಬಂದೆ, ಕಾಲು ಹೋದ್ವು" ಎಂದೆ.

ಒಂದೇ ಸಲ ತಯಾರಾದವೇ ಎಂದು ತಿಳಿಸುವ, ಡಿಸ್ಕ್‌ಗಳ ಮೇಲಿನ ನಂಬರನ್ನು ಅಕ್ಕ ನೋಡಲಿಲ್ಲ. ನನ್ನ ಕಾಲು ನೋಡಿದಳು. ಬಿಸಿನೀರಿಗೆ ಉಪ್ಪು ಹಾಕಿ, ಬಕೆಟ್ ತಂದು ನನ್ನ ಮುಂದಿಟ್ಟಳು. ನಾನು ಕಾಲಿಟ್ಟುಕೊಂಡು ಕುಳಿತೆ. ನೀರು ಹಿತವಾಗಿತ್ತು, ಇನ್ನೇನೂ ಹಿತವಾಗಿರಲಿಲ್ಲ.

ಮರುವರ್ಷ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು, ಒಂದು ಡಿಸ್ಕ್ ಕೆಟ್ಟಿತ್ತು. ಅಕ್ಕ ನಗುತ್ತಲೇ ಹೊಸ ಡಿಸ್ಕ್ ಕೊಂಡು ತಂದಳು. "ಒಬ್ಬಾಕಿ ತವರಿಗೆ ಹೋಗ್ಯಾಳ. ಉಳದಿಬ್ರು ಬ್ಯಾರೆ ಊರಿನವ್ರು, ಮನಿ ನಡಸ್ತಾರ."

ಹೊಸದು ತುಂಬಬೇಕಾದರೆ ಹಳೆಯ ಎರಡು ಡಿಸ್ಕ್‌ಗಳು ಬಿಡುವಿಲ್ಲದೆ ದುಡಿಯಬೇಕು, ಆ ದುಡಿತದಲ್ಲೇ ಇನ್ನೊಂದು ಕೈಕೊಡಬಹುದು ಎಂದು ಅವಳೇ ಹಿಂದೆ ಹೇಳಿದ್ದಳು. ಅವಳ ಕೈ ಪೆಟ್ಟಿಗೆಯ ಹತ್ತಿರ ಹೋಯಿತು. ನನ್ನ ಕಿವಿಯಲ್ಲಿ ಸೋದರತ್ತೆಯ ಹಾಡು.

"ಅಕ್ಕಾ, ನಿಂದ್ರು! ಮೂವರೂ ಒಂದೇ ತವರಿನವ್ರು."

"ಅಂದ್ರ?"

"ನಾ ತಾಂಡೂರಿಗೆ ಹೋಗೇ ಇಲ್ಲ. ನಾರಾಯಣಖೇಡಕ್ಕೂ ಇಲ್ಲ. ಗೆಳತಿ ಮನ್ಯಾಗ ಮಲ್ಕೊಂಡಿದ್ದೆ."

ಅಕ್ಕ ಪೆಟ್ಟಿಗೆಯಿಂದ ಕೈ ಹಿಂದೆಳೆದುಕೊಂಡಳು. ಹಾಡುಗಳ ಬಗ್ಗೆ ಬಯ್ಯುತ್ತಾಳೆ ಎಂದುಕೊಂಡೆ.

"ಖೋಡಿ! ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಿದ್ದೆನಲ್ಲೇ ನಿನಗ!"

ಹೊಸ ಡಿಸ್ಕನ್ನು ಬದಿಗಿಟ್ಟು, ಮೊದಲು ಹಾಡುಗಳನ್ನು ಬೇರೆ ಕಡೆ ನಕಲು ಮಾಡತೊಡಗಿದಳು. ಎಲ್ಲಕ್ಕಿಂತ ಮುಂಚೆ ಅತ್ತೆಯದು. ನಾನು ಆ ದಿನ ಒಂದು ಹೊಲಿಗೆಯೂ ಹಾಕಲಿಲ್ಲ. ಹೆರಿಗೆ ಮನೆಯ ಹೊರಗೆ ಕುಳಿತವಳಂತೆ ಪೆಟ್ಟಿಗೆಯ ಪಕ್ಕ ಕುಳಿತಿದ್ದೆ. ಹಾಡುಗಳೆಲ್ಲ ಬಂದವು. ಮಿಕ್ಕಿದ್ದನ್ನು ತೆಗೆಯುವಾಗ ಎರಡನೆಯ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿ ನಿಂತೇಹೋಯಿತು. ನನ್ನ ಮದುವೆಯ ವಿಡಿಯೊ ಅದರೊಂದಿಗೇ ಹೋಯಿತು.

"ಹೋಗ್ಲಿ ಬಿಡು" ಎಂದಳು ಅಕ್ಕ. "ಅದರಾಗ ನೀ ಅತ್ತಿದ್ದಕ್ಕಿಂತ ಉಂಡಿದ್ದೇ ಜಾಸ್ತಿ ಇತ್ತು."

ಅತ್ತೆಯ ಹಾಡು ಹಚ್ಚಿದಳು. ಹಾಡಿನ ನಡುವೆ ಅತ್ತೆ ಕೆಮ್ಮಿ, ಯಾರಿಗೋ ನೀರು ಕೇಳುತ್ತಾಳೆ. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಅತ್ತೂಬಿಟ್ಟೆ.

ಮರುವಾರ ನಾರಾಯಣಖೇಡಕ್ಕೆ ಹೋದೆ, ಆಮೇಲೆ ತಾಂಡೂರಿಗೆ. ಎರಡೂ ಕಡೆ ಬೇರೆ ಬೇರೆ ಕಂಪನಿಯ ಡಿಸ್ಕ್‌ಗಳೇ ಸಿಕ್ಕವು. ಬರುವಾಗ ಬಸ್ಸಿನ ತುಂಬ ಹೆಂಗಸರು, ಕಾಲಿಡಲು ಜಾಗವಿಲ್ಲ. ದಾರಿಯುದ್ದಕ್ಕೂ ನಿಂತೇ ಬಂದೆ.

ಅಕ್ಕ ಡಿಸ್ಕ್‌ಗಳನ್ನು ತೆಗೆದುಕೊಂಡು ಈ ಸಲ ನಂಬರುಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಬಾಗಿಲ ಬಳಿ ಕುಸಿದು ಕುಳಿತಿದ್ದ ನನ್ನ ಊದಿದ ಕಾಲುಗಳನ್ನು ನೋಡಿದಳು.

"ಉಪ್ಪಿನ ಡಬ್ಬಿ ಎಲ್ಲದ ಗೊತ್ತದಲ್ಲ? ನೀರ ಕಾಸ್ಕೊ ಹೋಗು."