ನಲವತ್ತು ಗಾಳದ ಹಗ್ಗ

ಬೆಂಗಳೂರಿನ ಗಾರ್ಮೆಂಟ್ಸ್ ಸಾಕೆಂದು ನಾನೂ ನನ್ನ ಹೆಂಡತಿಯೂ ರಾಯದುರ್ಗದ ಕಡೆಯ ನಮ್ಮ ಹಳ್ಳಿಗೆ ಮರಳಿದ ವರ್ಷವದು. ಅವಳಿಗೆ ಪೇಟೆಯ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಗೆ ಮಿಷನ್ ಕೆಲಸ ಸಿಕ್ಕಿತು. ನನಗೆ, ಆರ್ಡರ್ ಬಂದರೆ ಕರೀತೀವಿ ಅಂದರು. ಕರೆಯುವ ತನಕ ಮನೆಯಲ್ಲಿ ಕೂತು ಗೋಡೆ ನೋಡುವುದು ನನ್ನ ಜಾಯಮಾನವಲ್ಲ. ಹೊಳೆಯ ದಾರಿ ಹಿಡಿದೆ.

ಆ ವರ್ಷ ಹಗರಿಯಲ್ಲಿ ನೀರಿತ್ತು. ಜಾಲಿಮರದ ಕೆಳಗಿನ ಮಡುವಿನಲ್ಲಿ ಬಾಳೆಮೀನು ಇದ್ದವು. ತೆಲುಗಿನಲ್ಲಿ ವಾಲುಗ ಅನ್ನುತ್ತಾರೆ. ಉದ್ದ ಮೀಸೆ, ನುಣ್ಣನೆಯ ಮೈ, ಕತ್ತಲಾದ ಮೇಲೆ ಮೇಯುವ ಜಾತಿ. ಅದಕ್ಕೆ ಒಂಟಿ ಗಾಳ ಸಾಲದು. ಉದ್ದನೆಯ ನೈಲಾನ್ ಹಗ್ಗಕ್ಕೆ ಮೊಳಕ್ಕೊಂದರಂತೆ ದಾರ ಇಳಿಬಿಟ್ಟು ನಲವತ್ತು ಗಾಳ ಕಟ್ಟಿದೆ. ದಾರ ಜೀನ್ಸ್ ಹೊಲಿಯುವ ದಪ್ಪ ದಾರ, ಎಳೆದರೆ ಕೈ ಕೊಯ್ದೀತೇ ಹೊರತು ಅದು ಹರಿಯದು. ಕೋಳಿಕರುಳು ಚುಚ್ಚಿ, ಹಗ್ಗದ ಒಂದು ತುದಿಯನ್ನು ನೀರೊಳಗಿನ ಜಾಲಿಬೇರಿಗೂ ಇನ್ನೊಂದನ್ನು ಆಚೆ ದಡದ ಹತ್ತಿರ ಕಲ್ಲಿಗೂ ಕಟ್ಟಿ ಮುಳುಗಿಸಿದೆ. ಮೇಲೆ ಗುರುತಿಗೆ ತೇಲುವ ಬೆಂಡು ಮಾತ್ರ ಬಿಡಲಿಲ್ಲ. ಬೆಂಡು ಕಂಡರೆ ಬೆಳಗಾಗುವುದರೊಳಗೆ ಮೀನು ಬೇರೆಯವರ ಪಾಲು. ಈ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮಂದಿ ದಾಟುವ ಹೊಳೆಗೆ ಗಾಳ ಹಾಕಬ್ಯಾಡ್ರಿ ಎಂದು ಹೆಂಡತಿ ಮೊದಲೇ ಹೇಳಿದ್ದಳು. ಆಳುದ್ದ ಮಡುವಿನಲ್ಲಿ ನಡೆಯೋಕೆ ನೀನೇನು ಎಮ್ಮೆಯಾ ಅಂತ ನಗೆಯಾಡಿದ್ದೆ. ಅವಳು ನಗಲಿಲ್ಲ. ಅಂದಿನಿಂದ ಕದ್ದು ಹಾಕತೊಡಗಿದೆ. ಸಂಜೆ ಅವಳು ಬರುವ ಮುಂಚೆ ಬಿಡುವುದು, ಬೆಳಿಗ್ಗೆ ಅವಳು ಹೋದ ಮೇಲೆ ತೆಗೆಯುವುದು. ಅವಳೂ ಇನ್ನೂ ಎಂಟು ಹೆಂಗಸರೂ ಮಡುವಿಗಿಂತ ಮೇಲೆ, ತೆಳುನೀರಿನಲ್ಲಿ ಹೊಳೆ ದಾಟಿ ಆಟೊ ಹಿಡಿಯುತ್ತಿದ್ದರು.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಹೊಳೆಯ ಕಡೆಯಿಂದ ಬಂದವನೊಬ್ಬ, ಮೇಲೆ ಡ್ಯಾಮಿನಲ್ಲಿ ನೀರು ನಿಲ್ಲಿಸಿದ್ದಾರೆ, ದಾಟುವ ಜಾಗವೆಲ್ಲ ಕೆಸರು, ಹೆಂಗಸರು ಮಡುವಿನ ಕಡೆಯಿಂದ ಹೋದರು ಅಂದ. ರಾತ್ರೋರಾತ್ರಿ ಇಳಿದು ಮಡುವಿನಲ್ಲೂ ಈಗ ಮೊಣಕಾಲುದ್ದವೇ ನೀರಂತೆ. ಲೋಟ ಎಲ್ಲಿಟ್ಟೆನೋ ನೆನಪಿಲ್ಲ, ಓಡಿದೆ.

ಒಂಬತ್ತು ಜನರೂ ನಡುನೀರಿನಲ್ಲಿದ್ದರು. ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ. "ನಿಲ್ರಿ, ಯಾರೂ ಕಾಲ್ ಎತ್ತಬ್ಯಾಡ್ರಿ, ಗಾಳ ಹಾಕೀನಿ" ಎಂದು ಕೂಗಿದೆ. ಎಲ್ಲರೂ ನಿಂತರು. ಹಿರಿಯಳೊಬ್ಬಳು ನನ್ನ ವಂಶವನ್ನೆಲ್ಲ ನೀರಿಗಿಳಿಸಿ ಬೈದಳು. ಬೈಯಲಿ. ನನ್ನ ಕಣ್ಣು ಹೆಂಡತಿಯ ಮೇಲಿತ್ತು. ನಡುವೆ ಇದ್ದಳು, ಅಲ್ಲಾಡುತ್ತಿರಲಿಲ್ಲ.

ಹಗ್ಗ ಒಮ್ಮೆಗೇ ಎಳೆದುಬಿಡೋಣ ಅನ್ನಿಸಿತು. ಎಳೆದರೆ ಗಾಳಗಳೂ ಜೊತೆಗೇ ಬರುತ್ತವೆ, ಯಾರ ಮೀನಖಂಡಕ್ಕೆ ನೆಡುತ್ತವೋ! ಬೇರಿಗೆ ಕಟ್ಟಿದ್ದ ತುದಿ ಬಿಚ್ಚಿ, ಹಗ್ಗ ತಡಕುತ್ತ ಇಳಿದೆ. ಒಂದೊಂದೇ ಗಾಳ ಹುಡುಕಿ ಹೆಗಲ ಟವೆಲಿಗೆ ಚುಚ್ಚಿಕೊಳ್ಳುತ್ತ ಹೋದೆ. ಬೆರಳಿಗೆ ಎರಡು ಸಲ ಚುಚ್ಚಿತು. ಸುಳ್ಳೇಕೆ ಹೇಳಲಿ, ಅಳು ಬರುತ್ತಿತ್ತು.

ನಾಲ್ಕು ಮಾರು ದೂರ ಇರುವಾಗ ಅವಳು ಮೆಲ್ಲಗೆ ಅಂದಳು:

"ಹಗ್ಗ ಜಗ್ಗಬ್ಯಾಡ್ರಿ. ನನ್ ಕಾಲಿಗೆ ಆಗ್ಲೇ ಒಂದು ಹತ್ತೇತಿ. ಮೊದ್ಲು ಅವರ್ನ ದಾಟ್ಸ್ರಿ."

ನಾನು ಕೂಗುವ ಮೊದಲೇ ಹತ್ತಿತ್ತು. ಚೀರಿದರೆ ಉಳಿದವರು ಹತ್ತಿರ ನುಗ್ಗುತ್ತಾರೆಂದು ಹಲ್ಲು ಕಚ್ಚಿ ನಿಂತಿದ್ದಳು.

ದಾರಿ ಮಾಡಿ ಒಬ್ಬೊಬ್ಬರನ್ನೇ ದಾಟಿಸಿದೆ. ಕೊನೆಗೆ ಅವಳ ಚೀಲದ ಪುಟ್ಟ ಕತ್ತರಿಯಿಂದಲೇ ದಾರ ಕತ್ತರಿಸಿ, ಆಚೆ ದಡಕ್ಕೆ ಕರೆತಂದು ಕೂರಿಸಿದೆ. ಬಲಗಾಲು, ಹಿಮ್ಮಡಿಯ ಮೇಲೆ. ಗಾಳದ ತುದಿಗೆ ಹಿಮ್ಮುಳ್ಳು ಇರುತ್ತದೆ, ಬಂದ ದಾರಿಯಲ್ಲಿ ಬರುವುದಿಲ್ಲ. ಮುಂದಕ್ಕೇ ಚುಚ್ಚಿ ಇನ್ನೊಂದು ಕಡೆಯಿಂದ ಹೊರತೆಗೆಯಬೇಕು. ಚುಚ್ಚಿದೆ. ನನ್ನ ತಲೆಗೂದಲು ಹಿಡಿದಿದ್ದ ಅವಳ ಮುಷ್ಟಿ ಬಿಗಿಯಾಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಾಯಕ್ಕೆ ಬಟ್ಟೆ ಕಟ್ಟಿದೆ. ಆಸ್ಪತ್ರೆಗೆ ನಾನೂ ಬರುತ್ತೇನೆ, ಇಂದು ರಜೆ ಹಾಕು ಅಂದೆ. ಪೇಟೆಯಲ್ಲಿ ಸೂಜಿ ಹಾಕಿಸಿಕೊಂಡು ಯೂನಿಟ್ಟಿಗೆ ಹೋಗುತ್ತೇನೆ, ಎಡಗಾಲಿನಲ್ಲಿ ಪೆಡಲ್ ಒತ್ತಿದರಾಯಿತು ಅಂದಳು. ಆಟೊ ಹತ್ತುವ ಮುಂಚೆ ತಿರುಗಿ ನೋಡಿದಳು.

"ಉಳಿದದ್ದೆಲ್ಲ ತಗೀರಿ. ಸಂಜಿಕ ಹಿಂಗ ಬರ್ತೀವಿ."

ಇಡೀ ದಿನ ನೀರಿನಲ್ಲೇ ಕಳೆದೆ. ಅವಳ ಕಾಲಿನದೂ ಸೇರಿ ಮೂವತ್ತೊಂಬತ್ತು ಸಿಕ್ಕವು. ನಾಲ್ಕು ಸಲ ಎಣಿಸಿದೆ. ಒಂದು ದಾರದ ತುದಿ ಗಂಟು ಬಿಚ್ಚಿ ಬರಿದಾಗಿತ್ತು. ಮೀನು ನುಂಗಿತೋ, ಮರಳಿನಲ್ಲಿ ಹೂತಿತೋ, ದೇವರೇ ಬಲ್ಲ.

ಸಂಜೆ ಹೆಂಗಸರು ಬಂದಾಗ ಒಂದು ಸಿಕ್ಕಿಲ್ಲವೆಂದು ಹೇಳಿಬಿಟ್ಟೆ. ಯಾರೂ ನೀರಿಗೆ ಕಾಲಿಡಲಿಲ್ಲ. ಬರಿಗಾಲಲ್ಲಿ ನಾನೇ ಮುಂದೆ ಇಳಿದು, ಪಾದವನ್ನು ಮರಳಿಗೆ ಉಜ್ಜುತ್ತ ಮೆಲ್ಲಗೆ ನಡೆದೆ. ತುಸು ಹೊತ್ತಿಗೆ ಹಿಂದೆ ನೀರಿನ ಸದ್ದಾಯಿತು. ಕುಂಟುತ್ತ ಅವಳು ಬಂದು ನನ್ನ ಅಂಗಿಯ ಹಿಂಭಾಗ ಹಿಡಿದುಕೊಂಡಳು. ನಾನು ಕಾಲಿಟ್ಟಲ್ಲೇ ಕಾಲಿಟ್ಟಳು.